ಸದಸ್ಯರ ಗಮನಕ್ಕೆ: ನಂಬಿದವರೇ ಕೈಕೊಟ್ಟಾಗ ಪ್ರಾರ್ಥನೆ

ಕರ್ತನಲ್ಲಿ ವಂದನೆಗಳು. ಪಾಲುದಾರರು, ಬಂಧುಗಳು, ಸಭೆಯವರೇ ಮೋಸ ಮಾಡಿದಾಗ ಹೇಗೆ ಪ್ರಾರ್ಥಿಸಬೇಕೆಂದು ಹಲವರು ಕೇಳಿದ್ದೀರಿ. ಈ ವಾರ ಬೈಬಲಿನ 55ನೇ ಕೀರ್ತನೆಯನ್ನು ಹಿಡಿದುಕೊಳ್ಳೋಣ.

23 ವಚನಗಳು, ಗಟ್ಟಿಯಾಗಿ ಓದಿ. 12ರಿಂದ 14ರಲ್ಲಿ ನಿಲ್ಲಿ: ನೋಯಿಸಿದವನು ವೈರಿಯಲ್ಲ, ಜೊತೆಯಲ್ಲಿ ದೇವಾಲಯಕ್ಕೆ ಬರುತ್ತಿದ್ದ ಆಪ್ತ ಗೆಳೆಯ. ಅಲ್ಲಿಯೇ ನಿಮ್ಮನ್ನು ನೋಯಿಸಿದವರ ಹೆಸರನ್ನೂ ಆದದ್ದನ್ನೂ ದೇವರಿಗೆ ಹೇಳಿ. ಅಳು, ಸಿಟ್ಟು ಬಂದರೆ ತಡೆಯಬೇಡಿ, ಕೀರ್ತನೆಗಾರನೂ ತಡೆದಿಲ್ಲ. ಇದನ್ನು ಬಿಟ್ಟು ನೇರವಾಗಿ "ಕ್ಷಮಿಸಿದ್ದೇನೆ" ಎಂದುಬಿಟ್ಟರೆ ಕಹಿ ಒಳಗೇ ಉಳಿದು, ಆಮೇಲೆ ಪ್ರಾರ್ಥನೆಯೇ ಬೇಡವೆನಿಸುತ್ತದೆ. ಕೊನೆಗೆ 22ನೇ ವಚನದಂತೆ ಆ ಭಾರವನ್ನು ದೇವರ ಮೇಲೆ ಹಾಕಿ. 17ನೇ ವಚನ ಸಂಜೆ, ಬೆಳಿಗ್ಗೆ, ಮಧ್ಯಾಹ್ನ ಮೂರು ಹೊತ್ತೂ ಮೊರೆಯಿಡುತ್ತದೆ. ತೋಟದ ಕೆಲಸಕ್ಕೆ ಹೋಗುವವರು ಊಟದ ಬಿಡುವಿನಲ್ಲಿ 22ನ್ನಷ್ಟೇ ಹೇಳಿಕೊಂಡರೂ ಸಾಕು.

ಕ್ಷಮೆ ಬೇರೆ, ಮತ್ತೆ ನಂಬುವುದು ಬೇರೆ. ಯೋಸೇಫನು ತನ್ನನ್ನು ಮಾರಿಬಿಟ್ಟಿದ್ದ ಅಣ್ಣಂದಿರನ್ನು ಪರೀಕ್ಷಿಸಿದ ಮೇಲೆಯೇ ತಾನು ಯಾರೆಂದು ಹೇಳಿದ್ದು (ಆದಿಕಾಂಡ 42–45). ತೋಟದ ಪಾಲು, ಕಾಫಿ ಹಣದ ವಿಷಯವಾದರೆ ಕಾಗದಪತ್ರ ಜೋಪಾನ ಮಾಡಿ, ವಕೀಲರನ್ನು ಕಾಣಿ, ಅದು ಅವಿಶ್ವಾಸವಲ್ಲ. ಮನೆಯಲ್ಲಿ ಹೊಡೆತವಿದ್ದರೆ ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ, 112ಕ್ಕೆ ಕರೆ ಮಾಡಿ. ದೇವರಿಗೆ ಪ್ರಾರ್ಥನೆ ಅಲ್ಲಿಂದಲೂ ಕೇಳುತ್ತದೆ.

ದಯವಿಟ್ಟು ಗುಂಪಿನಲ್ಲಿ ಯಾರ ಹೆಸರನ್ನೂ ಹಾಕಬೇಡಿ. ಕೊಡಗಿನ ಸಿದ್ದಾಪುರ, ಸುಂಟಿಕೊಪ್ಪದಂಥ ಚಿಕ್ಕ ಊರಲ್ಲಿ ಸಣ್ಣ ಸುಳಿವಿಗೂ ಗುರುತು ಸಿಗುತ್ತದೆ. "ನನಗಾಗಿ ಪ್ರಾರ್ಥಿಸಿ" ಎಂದಷ್ಟೇ ಬರೆಯಿರಿ, ಕಾರಣ ಯಾರೂ ಕೇಳುವುದಿಲ್ಲ. ಮಳೆಗೆ ಕರೆಂಟ್, ನೆಟ್‌ವರ್ಕ್ ಹೋಗುವ ಕಡೆಯವರು ವಚನಗಳನ್ನು ಇಂದೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.