ಚಾರ್ಮಾಡಿ ಘಾಟಿಯ ಕಂಡಕ್ಟರಮ್ಮನಿಗೆ

ಮೊಮ್ಮಗಳನ್ನು ಕರೆದುಕೊಂಡು ಉಜಿರೆಯಿಂದ ಚಿಕ್ಕಮಗಳೂರಿಗೆ ಹೊರಟಿದ್ದೆ. ಘಾಟಿಯ ತಿರುವು ಶುರುವಾದದ್ದೇ ತಡ, ಮಗುವಿಗೆ ವಾಂತಿ. ನನ್ನ ಪಂಚೆ, ಅವಳ ಫ್ರಾಕು, ಸೀಟು ಎಲ್ಲಾ ಒದ್ದೆ. ಅವಳ ಅಳು ನೋಡಿ ನನಗೆ ಕೈಕಾಲೇ ಆಡಲಿಲ್ಲ.

ನೀವು ಮುಖ ಸಿಂಡರಿಸಲಿಲ್ಲ. ಸೀಟಿ ಊದಿ ಬಸ್ ನಿಲ್ಲಿಸಿದಿರಿ. ನಿಮ್ಮದೇ ಬಾಟಲಿ ನೀರಲ್ಲಿ ಅವಳ ಬಾಯಿ ತೊಳೆಸಿದಿರಿ. ಹಳೇ ಪೇಪರ್ ತಂದು ಸೀಟು ಒರೆಸಿದಿರಿ. ಆಮೇಲೆ ಚೀಲದಿಂದ ನಿಂಬೆಹಣ್ಣು ತೆಗೆದು, ಉಗುರಿನಿಂದ ಸಿಪ್ಪೆ ಗೀರಿ, "ಸುಮ್ನೆ ಮೂಸ್ತಾ ಇರು ಪುಟ್ಟಿ" ಅಂದಿರಿ. ಮುಂದಿನ ಕಿಟಕಿ ಸೀಟೂ ಕೊಡಿಸಿದಿರಿ.

ಮನೆಯಲ್ಲಾದರೆ ತುತ್ತು ತಿನ್ನಿಸೋದು, ಜಡೆ ಹಾಕೋದು ಎಲ್ಲಾ ನಾನೇ. ದಾರಿಯಲ್ಲಿ ಒಬ್ಬನೇ ಆದಾಗ ಇನ್ನೊಂದು ಕೈ ಬೇಕಾಗುತ್ತೆ ಅಲ್ವಾ? ಕೊಟ್ಟಿಗೆಹಾರ ಬರುವಷ್ಟರಲ್ಲಿ ಮಗು ದೋಸೆ ಕೇಳಿತು. ನನಗೆ ಹೋದ ಜೀವ ಬಂತು. ತುಂಬಾ ಥ್ಯಾಂಕ್ಸ್ ಕಣಮ್ಮ.