2ಎ ಸೀಟಿನಿಂದ ನಮ್ಮ ಅಮ್ಮನನ್ನು ಎಬ್ಬಿಸಿದ ಬಗ್ಗೆ ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು
ಪ್ರತಿ: ನೋಡಲ್ ಅಧಿಕಾರಿ ಮತ್ತು ಮೇಲ್ಮನವಿ ಅಧಿಕಾರಿ

ವಿಷಯ: ದೆಹಲಿ–ಬೆಂಗಳೂರು ವಿಮಾನದಲ್ಲಿ 78 ವರ್ಷದ ನನ್ನ ತಾಯಿಯನ್ನು ಬಿಸಿನೆಸ್ ಕ್ಲಾಸ್ ಸೀಟಿನಿಂದ ಎಬ್ಬಿಸಿ ಹಿಂದಕ್ಕೆ ಕಳಿಸಿದ್ದು; ಪದೇ ಪದೇ ನಿಮ್ಮಲ್ಲೇ ಹಾರುವ ಗೋಲ್ಡ್ ಸದಸ್ಯರಿಗೆ ಕೊಟ್ಟ ಮಾತಿಗೆ ತಪ್ಪಿದ್ದು.

ಮಾನ್ಯರೇ,

ನಿಮ್ಮ ಕಾಲ್ ಸೆಂಟರಿಗೆ ನಾನು ಇಲ್ಲಿಯವರೆಗೆ ನಾಲ್ಕು ಸಲ ಫೋನ್ ಮಾಡಿದ್ದೇನೆ. ಎರಡು ಮೇಲ್ ಹಾಕಿದ್ದೇನೆ. ಪ್ರತಿ ಸಲವೂ ಹೊಸಬರೊಬ್ಬರು ಫೋನ್ ಎತ್ತುತ್ತಾರೆ, ಪ್ರತಿ ಸಲವೂ ಮೊದಲಿಂದ ಹೇಳಬೇಕು. ಎಲ್ಲರ ಹತ್ತಿರವೂ ಮರ್ಯಾದೆಯಿಂದಲೇ ಮಾತಾಡಿದ್ದೇನೆ, ಯಾಕೆಂದರೆ ಫೋನ್ ಎತ್ತಿದ ಆ ಹುಡುಗ ಹುಡುಗಿಯರ ತಪ್ಪು ಇದರಲ್ಲಿ ಏನೂ ಇಲ್ಲ. ಮೊನ್ನೆ ಸೋಮವಾರ ನಿಮ್ಮಿಂದ ಉತ್ತರ ಬಂತು. ನನಗಾದ ತೊಂದರೆಗೆ ವಿಷಾದವಂತೆ, ಸದ್ಭಾವನೆಯಿಂದ 2,000 ಪಾಯಿಂಟ್ ಜಮಾ ಮಾಡಿದ್ದೀರಂತೆ, ದೂರನ್ನು ಮುಕ್ತಾಯ ಮಾಡಿದ್ದೀರಂತೆ. ಮುಕ್ತಾಯ ಮಾಡಿದ್ದು ನೀವು, ನಾನಲ್ಲ. ಅದಕ್ಕೇ ಈ ಪತ್ರ.

ನಾನು ಪೀಣ್ಯದ ಒಂದು ಮಷಿನ್ ಟೂಲ್ ಕಂಪನಿಯಲ್ಲಿ ಸರ್ವಿಸ್ ಎಂಜಿನಿಯರ್. ಫರಿದಾಬಾದ್, ಮಾನೇಸರ್ ಕಡೆಯ ಕಾರ್ಖಾನೆಗಳಲ್ಲಿ ನಮ್ಮ ಯಂತ್ರ ನಿಂತರೆ ನಾನು ಓಡಬೇಕು. ತಿಂಗಳಿಗೆ ಎರಡು ಸಲವಾದರೂ ದೆಹಲಿ. ಒಂಬತ್ತು ವರ್ಷದಿಂದ ನಿಮ್ಮ ವಿಮಾನದಲ್ಲೇ ಓಡಾಡಿದ್ದೇನೆ. ಬೇರೆಯವರ ಟಿಕೆಟ್ ಸಾವಿರ, ಒಂದೂವರೆ ಸಾವಿರ ಕಮ್ಮಿಗೆ ಸಿಗುತ್ತಿದ್ದಾಗಲೂ ನಿಮ್ಮದನ್ನೇ ಕೇಳಿ ಹಾಕಿಸಿಕೊಂಡಿದ್ದೇನೆ. ನಮ್ಮ ಅಡ್ಮಿನ್‌ನವರು ಯಾಕೆ ಅಂತ ಕೇಳಿದರೆ, "ಊಟ ಬಿಸಿ ಇರುತ್ತೆ, ಜನ ಚೆನ್ನಾಗಿ ಮಾತಾಡಿಸ್ತಾರೆ, ಪಾಯಿಂಟ್ ಬರುತ್ತೆ" ಅಂತ ನಿಮ್ಮ ಪರ ವಾದ ಮಾಡಿದ್ದೂ ನಾನೇ.

ಊಟ ಕೊಡಲೇಬೇಕು ಅಂತ ನಾನು ಹಟ ಮಾಡುವವನಲ್ಲ. 2003ರಲ್ಲಿ ಏರ್ ಡೆಕ್ಕನ್ ಬೆಂಗಳೂರಿಂದ ಹುಬ್ಬಳ್ಳಿಗೆ ವಿಮಾನ ಶುರು ಮಾಡಿದಾಗ, ಟಿಕೆಟ್ ಅಗ್ಗ, ತಿಂಡಿ ಬೇಕಿದ್ದರೆ ದುಡ್ಡು ಕೊಟ್ಟು ತಗೊಳ್ಳಿ ಅಂತ ಮೊದಲೇ ಹೇಳಿತ್ತು. ನಾವು ಚಪಾತಿ ಪಲ್ಯ ಕಟ್ಟಿಕೊಂಡು ಹೋದೆವು, ಯಾರಿಗೂ ಬೇಜಾರಿರಲಿಲ್ಲ. ಹೇಳಿದ್ದು ಒಂದು, ಕೊಟ್ಟಿದ್ದು ಒಂದು ಆಗಿರಲಿಲ್ಲ. ನೀವು ಮಾಡುತ್ತಿರುವುದು ಬೇರೆ. ಟಿಕೆಟ್ ಬೆಲೆ ಹಾಗೇ ಇದೆ, ಇನ್ನೂ ಜಾಸ್ತಿಯೇ ಆಗಿದೆ. ಬಿಸಿ ಅನ್ನ, ಪಲ್ಯ, ಮೊಸರಿನ ಕಪ್ ಇದ್ದ ತಟ್ಟೆ ಹೋಗಿ ರಟ್ಟಿನ ಡಬ್ಬಿಯಲ್ಲಿ ತಣ್ಣನೆ ಬ್ರೆಡ್ಡು ಬಂದಿದೆ. ಲೌಂಜಿಗೆ ಗೋಲ್ಡ್ ಸದಸ್ಯರ ಜೊತೆ ಒಬ್ಬರು ಬರಬಹುದಿತ್ತು, ಈಗ ಇಲ್ಲ. ಗೋಲ್ಡ್ ಸದಸ್ಯತ್ವಕ್ಕೆ ಈಗ ಎಷ್ಟು ಸಲ ಹಾರಿದಿರಿ ಅನ್ನುವುದು ಲೆಕ್ಕಕ್ಕಿಲ್ಲ, ಎಷ್ಟು ರೂಪಾಯಿ ಸುರಿದಿರಿ ಅನ್ನುವುದಷ್ಟೇ ಲೆಕ್ಕ. ಇದನ್ನೆಲ್ಲ ಎರಡು ವಾರ ಮುಂಚೆ ಒಂದು ಮೇಲ್‌ನಲ್ಲಿ ತಿಳಿಸಿದಿರಿ, ಅದಕ್ಕೆ ಕೊಟ್ಟ ತಲೆಬರಹ "ನಿಮಗಾಗಿ ಇನ್ನಷ್ಟು". ಇಷ್ಟನ್ನೂ ನಾನು ಸಹಿಸಿಕೊಂಡಿದ್ದೆ.

ಇನ್ನು ಆ ದಿನದ ವಿಷಯ.

ನವೆಂಬರ್ ಕೊನೆಯ ಭಾನುವಾರ. ದೆಹಲಿಯ ದ್ವಾರಕಾದಲ್ಲಿ ನನ್ನ ತಂಗಿ ಮಗಳ ಮದುವೆ ಮುಗಿಸಿ ಅಮ್ಮನನ್ನು ವಾಪಸ್ ಕರೆದುಕೊಂಡು ಬರುತ್ತಿದ್ದೆ. ಅಮ್ಮನಿಗೆ ಎರಡೂ ಮಂಡಿಗೆ ಆಪರೇಷನ್ ಆಗಿದೆ. ಸಕ್ಕರೆ ಕಾಯಿಲೆ ಇದೆ. ಎರಡೂ ಮುಕ್ಕಾಲು ಗಂಟೆ ಕಾಲು ಮಡಿಚಿ ಕೂರುವುದು ಅವರಿಗೆ ಆಗುವುದಿಲ್ಲ. ಅದಕ್ಕೇ 24,000 ಪಾಯಿಂಟ್ ಕೊಟ್ಟು ಅವರ ಟಿಕೆಟನ್ನು ಬಿಸಿನೆಸ್ ಕ್ಲಾಸಿಗೆ ಅಪ್‌ಗ್ರೇಡ್ ಮಾಡಿಸಿದ್ದೆ. ನಾಲ್ಕು ದಿನ ಮುಂಚೆಯೇ ಕನ್ಫರ್ಮ್ ಆಗಿತ್ತು. ಬೋರ್ಡಿಂಗ್ ಪಾಸಿನಲ್ಲಿ 2ಎ. ಸಕ್ಕರೆ ಕಾಯಿಲೆಯವರ ಊಟ ಅಂತ ಬುಕಿಂಗ್‌ನಲ್ಲೇ ಹಾಕಿಸಿದ್ದೆ. ಇಬ್ಬರಿಗೂ ಅಪ್‌ಗ್ರೇಡ್ ಮಾಡಿಸುವಷ್ಟು ಪಾಯಿಂಟ್ ನನ್ನ ಹತ್ತಿರ ಇರಲಿಲ್ಲ. ನನ್ನದು 14ಸಿ.

ಅಮ್ಮನನ್ನು ಕೂರಿಸಿ, ಬೆಲ್ಟ್ ಹಾಕಿ, ಕಾಲು ಚಾಚಿಸಿ ನನ್ನ ಸೀಟಿಗೆ ಹೋದೆ. ಹೋಗುವಾಗ ಅವರ ಕೈಯಲ್ಲಿ ಗಾಜಿನ ಲೋಟದಲ್ಲಿ ನೀರಿತ್ತು. ಮದುವೆಗೆ ಉಟ್ಟ ಇಳಕಲ್ ಸೀರೆಯಲ್ಲೇ ಇದ್ದರು. ಲೋಟ ಒದ್ದೆಯಾಗಿದೆ ಅಂತ ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಿದ್ದರು. "ಜಾಗ ಚೆನ್ನಾಗಿದೆ ಕಣೋ, ನೀನೂ ಇಲ್ಲೇ ಇದ್ದಿದ್ರೆ ಆಗ್ತಿತ್ತು" ಅಂದರು.

ಐದು ನಿಮಿಷ ಆಗಿರಬೇಕು. ಮುಂದೆ ಯಾರೋ ಜೋರಾಗಿ ಮಾತಾಡುವುದು ಕೇಳಿಸಿತು. ಎದ್ದು ನೋಡಿದರೆ ನಿಮ್ಮ ಸಿಬ್ಬಂದಿಯೊಬ್ಬರು ಅಮ್ಮನ ಎದುರು ನಿಂತು ಹಿಂದಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದಾರೆ. ಅಮ್ಮನಿಗೆ ಎರಡೂ ಬರುವುದಿಲ್ಲ. ಅವರು ಸುಮ್ನೆ ಬೋರ್ಡಿಂಗ್ ಪಾಸನ್ನು ಎತ್ತಿ ತೋರಿಸುತ್ತಿದ್ದಾರೆ, ಮತ್ತೆ ಮತ್ತೆ. ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಆ ಸಿಬ್ಬಂದಿ ಅಮ್ಮನ ಕೈಯಿಂದ ಲೋಟ ತೆಗೆದುಕೊಂಡರು. ಕೇಳಿ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡರು. ಸೆರಗು ಲೋಟದ ಜೊತೆ ಎಳೆದು ನೀರು ಮಡಿಲಿಗೆ ಚೆಲ್ಲಿತು.

ಏನು ವಿಷಯ ಅಂತ ಕೇಳಿದೆ.

"ಈ ಸೀಟು ಕೆಟ್ಟಿದೆ ಸರ್. ಹಿಂದಕ್ಕೆ ವಾಲಲ್ಲ. ಇಲ್ಲಿ ಯಾರನ್ನೂ ಕೂರಿಸೋ ಹಾಗಿಲ್ಲ."

"ವಾಲೋದು ಬೇಡ. ನೇರವಾಗಿ ಕೂತ್ಕೊಳ್ತಾರೆ. ಕಾಲು ಚಾಚೋಕೆ ಜಾಗ ಇದ್ರೆ ಸಾಕು."

"ಆಗಲ್ಲ ಸರ್. ಸೇಫ್ಟಿ ವಿಷಯ. 27ಇ ಕೊಟ್ಟಿದೀವಿ."

27ಇ ಮಧ್ಯದ ಸೀಟು. ಮಂಡಿ ಆಪರೇಷನ್ ಆದವರಿಗೆ. ಬೇರೆ ಬಿಸಿನೆಸ್ ಸೀಟು ಕೊಡಿ ಅಂದೆ, ಖಾಲಿ ಇಲ್ಲ ಅಂದರು. ಅಷ್ಟರಲ್ಲಿ ವಾಕಿಟಾಕಿ ಹಿಡಿದ ನಿಮ್ಮ ಗ್ರೌಂಡ್ ಸ್ಟಾಫ್ ಒಬ್ಬರು ಒಳಗೆ ಬಂದರು. ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಕಾಗದ ನೋಡಿದರು. ಮುಂದಿನ ನಾಲ್ಕು ಸಾಲಿಗೂ ಕೇಳುವ ಹಾಗೆ ಹೇಳಿದರು: "ಯೇ ತೋ ಫ್ರೀ ವಾಲಾ ಸೀಟ್ ಹೈ." ಆಮೇಲೆ ನನ್ನ ಕಡೆ ತಿರುಗಿ, "ಸರ್, ನೀವು ಟಿಕೆಟ್ ಕೊಂಡಿರೋದು ಎಕಾನಮಿ. ಇದು ಫ್ರೀ ಅಪ್‌ಗ್ರೇಡ್. ಫ್ರೀ ಸೀಟಿಗೆ ಗ್ಯಾರಂಟಿ ಇರಲ್ಲ. ನಿಮ್ಮಿಂದ ಇಷ್ಟು ಜನಕ್ಕೆ ಲೇಟ್ ಆಗ್ತಿದೆ."

ಇಷ್ಟು ಜನ ಅಂದಾಗ ಇಷ್ಟು ಜನವೂ ನಮ್ಮನ್ನೇ ನೋಡುತ್ತಿದ್ದರು. ಒಬ್ಬರು ಗಡಿಯಾರ ನೋಡಿಕೊಂಡರು. ಅಮ್ಮ ನನ್ನ ತೋಳು ಹಿಡಿದುಕೊಂಡು ಕೇಳಿದರು: "ಏನಾಯ್ತೋ? ನಾನು ಬೇರೆಯೋರ ಜಾಗದಲ್ಲಿ ಕೂತ್ಬಿಟ್ನಾ? ಬಾ ಹೋಗೋಣ, ಜಗಳ ಬೇಡ." ತಪ್ಪು ತಮ್ಮದೇ ಅಂತ ಅವರು ಅಂದುಕೊಂಡಿದ್ದರು. ಎರಡೂ ಕಡೆಯ ಸೀಟುಗಳ ತಲೆ ಹಿಡಿದುಕೊಂಡು, ಒದ್ದೆ ಸೀರೆಯಲ್ಲಿ, ಅಷ್ಟೂ ಜನರ ಕಣ್ಣೆದುರು ನಡೆದು ಬಂದರು. ನನ್ನ 14ಸಿ ಅವರಿಗೆ ಕೊಟ್ಟು ನಾನು 27ಇಗೆ ಹೋದೆ. ಈ ಬದಲಾವಣೆ ಮಾಡಿಕೊಂಡದ್ದು ನಾನು. ನಿಮ್ಮವರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ.

ಊಟ ಹಂಚಲು ಶುರುವಾದಾಗ ಅಮ್ಮ ಮಾತ್ರೆ ನುಂಗಿದ್ದರು. ಅವರ ಊಟ ಬರಲಿಲ್ಲ. ರಟ್ಟಿನ ಡಬ್ಬಿ ಕೊಟ್ಟರು, ಅದರಲ್ಲಿದ್ದ ಗಟ್ಟಿ ಬ್ರೆಡ್ಡನ್ನು ಅವರಿಂದ ಅಗಿಯಲು ಆಗಲಿಲ್ಲ. ಹಿಂದಿನಿಂದ ನೋಡಲು ಬಂದೆ. ಅಮ್ಮನ ಹಣೆಯಲ್ಲಿ ಬೆವರು, ಕೈ ನಡುಗುತ್ತಿತ್ತು. ಸಕ್ಕರೆ ಇಳಿದಿದೆ ಅಂತ ನೋಡಿದ ಕೂಡಲೇ ಗೊತ್ತಾಯಿತು. ಬುಕ್ ಮಾಡಿದ ಊಟ ಎಲ್ಲಿ ಅಂತ ಸಿಬ್ಬಂದಿಯನ್ನು ಕೇಳಿದರೆ, "ಅದು 2ಎ ಹೆಸರಲ್ಲಿ ಲೋಡ್ ಆಗಿದೆ, ಮುಂದಿನ ಗ್ಯಾಲಿಯಿಂದ ಇಲ್ಲಿಗೆ ತರೋ ಹಾಗಿಲ್ಲ" ಅಂದರು. ಮೇಲಿನ ಬ್ಯಾಗಿನಲ್ಲಿ ಮದುವೆ ಮನೆಯ ಬೂಂದಿ ಲಾಡು ಇತ್ತು. ಅದನ್ನು ಪುಡಿ ಮಾಡಿ ಚೂರುಚೂರೇ ಬಾಯಿಗೆ ಹಾಕಿದೆ. ಹತ್ತು ನಿಮಿಷದಲ್ಲಿ ನಡುಕ ನಿಂತಿತು. ಆ ಲಾಡು ಇರದಿದ್ದರೆ ಏನಾಗುತ್ತಿತ್ತು ಅಂತ ಇವತ್ತಿಗೂ ಯೋಚನೆ ಬರುತ್ತದೆ, ನಿದ್ದೆ ಹೋಗುತ್ತದೆ.

ಆಮೇಲೆ ಆ ಊಟವನ್ನು ನಾನೇ ಕೇಳಿ ತರೋಣ ಅಂತ ಮುಂದೆ ಹೋದೆ. ಪರದೆ ಅರ್ಧ ಸರಿದಿತ್ತು. 2ಎ ಸೀಟಿನಲ್ಲಿ ಒಬ್ಬರು ಮಲಗಿದ್ದರು. ಸೀಟು ಪೂರ್ತಿ ಹಿಂದಕ್ಕೆ ವಾಲಿತ್ತು.

ಈ ಒಂದು ಸಾಲನ್ನು ದಯವಿಟ್ಟು ಇನ್ನೊಂದು ಸಲ ಓದಿ. ನನ್ನ ಎರಡೂ ಮೇಲ್‌ಗಳಲ್ಲಿ ಇದನ್ನು ಬರೆದಿದ್ದೆ. ನಿಮ್ಮ ಉತ್ತರದಲ್ಲಿ ಇದರ ಬಗ್ಗೆ ಒಂದಕ್ಷರ ಇಲ್ಲ. ವಾಲದ ಸೀಟು ಅರ್ಧ ಗಂಟೆಯಲ್ಲಿ ಸರಿಹೋಯಿತೇ? ಯಾರನ್ನೂ ಕೂರಿಸಬಾರದ ಸೀಟಿನಲ್ಲಿ ಅವರನ್ನು ಕೂರಿಸಿದ್ದು ಯಾರು? ಮಲಗಿದ್ದವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಏನೂ ಗೊತ್ತಿರಲಿಕ್ಕಿಲ್ಲ. ಸುಳ್ಳು ಹೇಳಿದ್ದು ನೀವು, ಅದೂ ಮಾತು ಅರ್ಥವಾಗದ ವಯಸ್ಸಾದ ಹೆಂಗಸಿಗೆ.

ನಿಯಮ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಕೊಂಡ ಕ್ಲಾಸಿಗಿಂತ ಕೆಳಗಿನ ಕ್ಲಾಸಿಗೆ ಪ್ರಯಾಣಿಕರನ್ನು ಅವರಿಗೆ ಇಷ್ಟವಿಲ್ಲದೆ ಇಳಿಸಿದರೆ, ದೇಶದೊಳಗಿನ ವಿಮಾನದಲ್ಲಿ ತೆರಿಗೆ ಸೇರಿಸಿ ಟಿಕೆಟ್ ಬೆಲೆಯ ಶೇ 75ರಷ್ಟು ವಾಪಸ್ ಕೊಡಬೇಕು ಅಂತ ವಿಮಾನಯಾನ ನಿಯಂತ್ರಕ ಡಿಜಿಸಿಎ 2023ರ ಫೆಬ್ರವರಿ 15ರಿಂದ ನಿಯಮ ತಂದಿದೆ. ಸೀಟು ಕೆಟ್ಟಿದೆ, ವಿಮಾನ ಬದಲಾಯಿತು, ಬುಕಿಂಗ್ ಜಾಸ್ತಿಯಾಯಿತು ಅಂತ ಕಾರಣ ಹೇಳಿ ಜನರನ್ನು ಕೆಳಗಿನ ಕ್ಲಾಸಿಗೆ ಇಳಿಸುತ್ತಿದ್ದರು ಅಂತಲೇ ಆ ನಿಯಮ ಬಂದದ್ದು. ನಮಗೆ ಹೇಳಿದ್ದೂ ಅದರಲ್ಲಿ ಮೊದಲನೆಯ ಕಾರಣವೇ, ಮತ್ತು ಅದು ಸುಳ್ಳು.

ಅಪ್‌ಗ್ರೇಡ್ ಪಾಯಿಂಟಿನಲ್ಲಿ ಮಾಡಿದ್ದರಿಂದ ಈ ನಿಯಮ ಅನ್ವಯಿಸುವುದಿಲ್ಲ ಅಂತ ನಿಮ್ಮ ಮೂರನೇ ಫೋನಿನವರು ಹೇಳಿದರು. ಅವರೂ "ಫ್ರೀ" ಅನ್ನುವ ಪದವನ್ನೇ ಬಳಸಿದರು. ಫ್ರೀ ಹೇಗಾಗುತ್ತದೆ? ನೀವು 100 ರೂಪಾಯಿಗೆ 6 ಪಾಯಿಂಟ್ ಕೊಡುತ್ತೀರಿ. 24,000 ಪಾಯಿಂಟ್ ಬರಬೇಕಾದರೆ 4 ಲಕ್ಷ ರೂಪಾಯಿಯ ಟಿಕೆಟ್ ಕೊಂಡಿರಬೇಕು. ನನ್ನ ಲೆಕ್ಕದಲ್ಲಿ ಅದು ಒಂದೂವರೆ ವರ್ಷದ ಓಡಾಟ. ಬೆಳಗಿನ ಜಾವ ಮೂರಕ್ಕೆ ಎದ್ದು ವಾಯುವಜ್ರ ಬಸ್ ಹಿಡಿದ ಒಂದೂವರೆ ವರ್ಷ. ಇದೇ ಪಾಯಿಂಟನ್ನು ಕ್ರೆಡಿಟ್ ಕಾರ್ಡ್ ಬ್ಯಾಂಕುಗಳಿಗೆ ನೀವು ದುಡ್ಡಿಗೆ ಮಾರುತ್ತೀರಿ. ಬ್ಯಾಂಕಿಗೆ ಮಾರುವಾಗ ಬೆಲೆ ಇರುವ ಸರಕು, ನಮ್ಮ ಅಮ್ಮ ಕೂತಾಗ ಮಾತ್ರ ಫ್ರೀ ಅಂದರೆ ಅದನ್ನು ನಾನು ಒಪ್ಪುವುದಿಲ್ಲ. ಯಾವ ಗ್ರಾಹಕ ಆಯೋಗದ ಮುಂದೆ ಬೇಕಾದರೂ ಇದನ್ನೇ ಹೇಳುತ್ತೇನೆ.

ಆ 24,000 ಪಾಯಿಂಟನ್ನು ಡಿಸೆಂಬರ್ 3ಕ್ಕೆ ನನ್ನ ಖಾತೆಗೆ ವಾಪಸ್ ಹಾಕಿದಿರಿ. ಆದರೆ ಡಿಸೆಂಬರ್ 1ರಿಂದ ಅದೇ ದೆಹಲಿ ಸೀಟಿಗೆ 38,000 ಪಾಯಿಂಟ್ ಅಂತ ನಿಮ್ಮ ಹೊಸ ಪಟ್ಟಿ ಹೇಳುತ್ತದೆ. ತೆಗೆದುಕೊಂಡಿದ್ದು ಒಂದು ಸೀಟು, ಕೊಟ್ಟಿದ್ದು ಮುಕ್ಕಾಲು ಸೀಟೂ ಅಲ್ಲ. ಪಾಯಿಂಟನ್ನು ಕೆಲವು ದಿನ ಕೈಯಲ್ಲಿಟ್ಟುಕೊಂಡು, ಬೆಲೆ ಇಳಿಸಿ ಕೊಟ್ಟ ಹಾಗಾಯಿತು. ಅಂಗಡಿಯವನು ಹೀಗೆ ಮಾಡಿದರೆ ಅವನ ಅಂಗಡಿಗೆ ಯಾರೂ ಎರಡನೇ ಸಲ ಹೋಗುವುದಿಲ್ಲ.

ನನಗೆ ಬೇಕಾಗಿರುವುದು ಜಾಸ್ತಿ ಏನಿಲ್ಲ. ಆ ದಿನದ ಬಿಸಿನೆಸ್ ಟಿಕೆಟ್ ಬೆಲೆಯ ಶೇ 75 ಕೊಡಿ. 2ಎ ಸೀಟನ್ನು ಯಾರಿಗೆ, ಯಾಕೆ, ಯಾರು ಹೇಳಿದ್ದಕ್ಕೆ ಕೊಟ್ಟಿರಿ ಅಂತ ಬರಹದಲ್ಲಿ ತಿಳಿಸಿ. ಆ ಪ್ರಯಾಣಿಕರ ಹೆಸರು ನನಗೆ ಬೇಡ, ಕಾರಣ ಬೇಕು. ಮತ್ತೆ ನನ್ನ ತಾಯಿಗೆ ಒಂದು ಕ್ಷಮಾಪಣೆ ಪತ್ರ, ಅವರಿಗೆ ಓದಲು ಬರುವ ಕನ್ನಡದಲ್ಲಿ. ಅದರಲ್ಲಿ "ಅನನುಕೂಲಕ್ಕೆ ವಿಷಾದ" ಅಂತ ಬರೆಯಬೇಡಿ. ತಪ್ಪು ನಿಮ್ಮದಲ್ಲಮ್ಮ, ನಮ್ಮದು ಅಂತ ಬರೆಯಿರಿ. ಹೋಗುವಾಗ ಬೆಂಗಳೂರಿನ ಎರಡನೇ ಟರ್ಮಿನಲ್‌ನಲ್ಲಿ ಮೇಲಿಂದ ಇಳಿಬಿಟ್ಟ ಗಿಡಗಳನ್ನು ನೋಡಿ, "ಇಷ್ಟಕ್ಕೆಲ್ಲ ನೀರು ಯಾರು ಹಾಕ್ತಾರೋ" ಅಂತ ಮಕ್ಕಳ ಹಾಗೆ ಕೇಳಿದವರು, ಈಗ ವಿಮಾನ ಅಂದರೆ ಸಾಕು, "ನನಗೆ ರೈಲೇ ಸರಿ, ಯಾರೂ ಎಬ್ಬಿಸಲ್ಲ" ಅನ್ನುತ್ತಾರೆ.

ಈ ಪತ್ರ ತಲುಪಿದ 15 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ವಿಮಾನಯಾನ ಸಚಿವಾಲಯದ ದೂರು ಪೋರ್ಟಲ್ ಏರ್‌ಸೇವಾದಲ್ಲಿ ದೂರು ದಾಖಲಿಸುತ್ತೇನೆ, ಡಿಜಿಸಿಎಗೆ ಪ್ರತಿ ಕಳಿಸುತ್ತೇನೆ, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ. ಅಲ್ಲಿಗೇ ನಿಲ್ಲಿಸುವುದಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನಾನಿರುವ ಊರಿನ ಜಿಲ್ಲಾ ಆಯೋಗದಲ್ಲೇ ಕೇಸ್ ಹಾಕಬಹುದು, ನಿಮ್ಮ ಹೆಡ್ ಆಫೀಸಿನ ಊರಿಗೆ ನಾನು ಬರಬೇಕಿಲ್ಲ. ಎರಡು ವರ್ಷ ಸಮಯವಿದೆ. ವಕೀಲರನ್ನು ಇಡದೆ ನಾನೇ ವಾದ ಮಾಡಬಹುದು, ಮಾಡುತ್ತೇನೆ. ನಮ್ಮ ಕಂಪನಿಯಲ್ಲಿ ನನ್ನ ಹಾಗೆ ಓಡಾಡುವ ಎಂಜಿನಿಯರುಗಳು ನಲವತ್ತು ಜನ ಇದ್ದಾರೆ. ಒಂಬತ್ತು ವರ್ಷ ಅವರಿಗೆ ನಿಮ್ಮ ಹೆಸರು ಹೇಳುತ್ತಿದ್ದವನು ನಾನು. ಹೊಸ ವರ್ಷದ ಟಿಕೆಟ್ ಒಪ್ಪಂದ ಜನವರಿಯಲ್ಲಿ ಅಡ್ಮಿನ್ ಟೇಬಲ್ಲಿಗೆ ಬರುತ್ತದೆ. ಅಲ್ಲಿ ಈ ಪತ್ರವನ್ನೂ ಇಡುತ್ತೇನೆ.

ಎರಡೂ ಬೋರ್ಡಿಂಗ್ ಪಾಸು, ಅಪ್‌ಗ್ರೇಡ್ ಕನ್ಫರ್ಮ್ ಆದ ಮೇಲ್, ಊಟದ ಬುಕಿಂಗ್ ಪ್ರತಿ ಇದರ ಜೊತೆಗಿವೆ. 14ಬಿಯಲ್ಲಿದ್ದ ಪ್ರಯಾಣಿಕರು ಎಲ್ಲವನ್ನೂ ನೋಡಿದ್ದಾರೆ, ಕೇಳಿದರೆ ಹೇಳುತ್ತೇನೆ ಅಂತ ತಾವಾಗಿಯೇ ನಂಬರ್ ಕೊಟ್ಟಿದ್ದಾರೆ. ಕೇಸ್ ಆದರೆ ಅಮ್ಮನೂ ಬರುತ್ತಾರೆ. ಮಂಡಿ ನೋವಿದ್ದರೂ ಬರುತ್ತೇನೆ ಅಂದಿದ್ದಾರೆ. ಅವತ್ತು ನಿಮ್ಮವರು ಹೇಳಿದ ಒಂದು ಮಾತೂ ಅವರಿಗೆ ಅರ್ಥವಾಗಿರಲಿಲ್ಲ. ಅಲ್ಲಿ ಅವರು ಕನ್ನಡದಲ್ಲೇ ಹೇಳುತ್ತಾರೆ, ನಿಮ್ಮ ವಕೀಲರು ಕೂತು ಕೇಳಬೇಕಾಗುತ್ತದೆ.

ಇಂತಿ,
ನಿಮ್ಮ ಗೋಲ್ಡ್ ಸದಸ್ಯ
ಬೆಂಗಳೂರು