ಮೋಆಬ್‌ನಿಂದ ಮೂಡಿಗೆರೆಗೆ

ಡೆನ್ವರ್,
ಅಕ್ಟೋಬರ್ ಕೊನೆಯ ವಾರ

ಅಮ್ಮ, ಅಪ್ಪಾಜಿಗೆ ನಮಸ್ಕಾರಗಳು. ತಮ್ಮನಿಗೆ ಪ್ರೀತಿ.

ನಾನು ಕ್ಷೇಮ. ಮೊಣಕೈ ತರಚಿದ್ದು ಬಿಟ್ಟರೆ ಮತ್ತೇನೂ ಆಗಿಲ್ಲ. ಫೋಟೊದಲ್ಲಿ ಬ್ಯಾಂಡೇಜ್ ಕಂಡು ಅಮ್ಮ ರಾತ್ರಿಯಿಡೀ ನಿದ್ದೆಗೆಟ್ಟಳು ಅಂತ ತಮ್ಮ ಹೇಳಿದ. ಫೋನಿನಲ್ಲಿ ತುಂಡು ತುಂಡಾಗಿ ಹೇಳಿದರೆ ಹೆದರಿಕೆಯೇ ಜಾಸ್ತಿ, ಅದಕ್ಕೇ ಎಲ್ಲವನ್ನೂ ಕೂತು ಬರೆಯುತ್ತಿದ್ದೇನೆ. ಹೋಮ್‌ಸ್ಟೇಗೆ ಬರುವವರಿಗೆ ಮೌಂಟೇನ್ ಬೈಕ್ ಇಡಬೇಕು, ತೋಟದಿಂದ ಮೇಲಿನ ಗುಡ್ಡಕ್ಕೆ ದಾರಿ ಕಡಿಸಬೇಕು ಅಂತ ತಮ್ಮ ಅಂದಿದ್ದನಲ್ಲ, ಅದರ ಬಗ್ಗೆಯೂ ಹೇಳುವುದಿದೆ.

ನಾವು ನಾಲ್ಕು ಜನ, ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಐ-70 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟೆವು. ರಾಕಿ ಪರ್ವತ ಕೊರೆದು ಮಾಡಿದ ಐಸೆನ್‌ಹೋವರ್ ಸುರಂಗ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿ 1,930. ಸುರಂಗದ ಹತ್ತಿರ ಆಗಲೇ ಹಿಮ ಬಿದ್ದಿತ್ತು. ಇಳಿಯುತ್ತ ಇಳಿಯುತ್ತ ಹಸಿರು ಕಡಿಮೆಯಾಗಿ ಮಣ್ಣು ಕೆಂಪಾಯಿತು.

ಮೊದಲ ರಾತ್ರಿ ಫ್ರೂಟಾ ಎಂಬ ಊರಿನ ಹತ್ತಿರ ಟೆಂಟ್ ಹಾಕಿದೆವು. ಬೆಳಿಗ್ಗೆ ಎದ್ದು ನೋಡಿದರೆ ಗೆಳತಿಯ ಸೈಕಲ್ಲಿನ ಎರಡೂ ಚಕ್ರದಲ್ಲಿ ಗಾಳಿಯಿಲ್ಲ. ಟೈರಿನಿಂದ ಮುಳ್ಳು ಕಿತ್ತು ಅಂಗೈಮೇಲೆ ಇಟ್ಟುಕೊಂಡೆ. ನೆಗ್ಗಿಲು! ಕಡೂರಿನ ದೊಡ್ಡಮ್ಮನ ಮನೆ ಹೊಲದ ದಾರಿಯಲ್ಲಿ ಚಪ್ಪಲಿ ತೂರಿ ಚುಚ್ಚುತ್ತಿತ್ತಲ್ಲ, ಕೊಂಬು ಎತ್ತಿಕೊಂಡ ಅದೇ ಮುಳ್ಳು. ಇದು ಈ ದೇಶದ ಗಿಡವಲ್ಲ, ಹೊರಗಿನಿಂದ ಬಂದು ಬೇರೂರಿದ್ದು. ಇಲ್ಲಿನವರು ಟ್ಯೂಬ್ ಬಿಟ್ಟು ಟ್ಯೂಬ್‌ಲೆಸ್ ಟೈರಿನೊಳಗೆ ರಬ್ಬರ್ ಹಾಲಿನಂಥ ಸೀಲಂಟ್ ಹಾಕುತ್ತಾರೆ. ಮುಳ್ಳು ಚುಚ್ಚಿದ ತೂತಿಗೆ ಅದೇ ಬಂದು ಹೆಪ್ಪುಗಟ್ಟುತ್ತದೆ. ಟ್ಯೂಬ್ ಬದಲಿಸಿ ಹೊರಡುವಷ್ಟರಲ್ಲಿ ಬಿಸಿಲೇರಿತ್ತು.

ಮಧ್ಯಾಹ್ನ ಯೂಟಾ ರಾಜ್ಯದ ಮೋಆಬ್ ಸೇರಿದೆವು. ಊರಿನ ಪಕ್ಕ ಕೊಲರಾಡೊ ನದಿ, ಮೇಲೆ ಸ್ಯಾಂಡ್ ಫ್ಲ್ಯಾಟ್ಸ್ ಎಂಬ ಬಂಡೆಗಾಡು. ಕ್ಯಾಂಪಿಗೆ ಜಾಗವುಂಟು, ನೀರಿಲ್ಲ. ಕುಡಿಯೋಕೆ, ಅಡುಗೆಗೆ, ಪಾತ್ರೆಗೆ ಎಲ್ಲಕ್ಕೂ ಊರಿನಿಂದಲೇ ಕ್ಯಾನ್ ತುಂಬಿಸಿ ತರಬೇಕು. ಸಂಜೆ ಅನ್ನ ಬೇಯುವ ಹೊತ್ತಿಗೆ ಗಾಳಿ ಎದ್ದಿತು. ಮರಳಿನಲ್ಲಿ ಗೂಟ ನಿಲ್ಲದೆ ಟೆಂಟ್ ಹಾರಿ ಜೂನಿಪರ್ ಮರಕ್ಕೆ ಸಿಕ್ಕಿಕೊಂಡಿತು, ಅನ್ನವೆಲ್ಲ ಮರಳು. ಆ ರಾತ್ರಿ ಅವಲಕ್ಕಿ, ಚಟ್ನಿಪುಡಿ. ಟೆಂಟಿನ ನಾಲ್ಕು ಮೂಲೆಗೂ ಹೊರೋಕೆ ಕಷ್ಟವಾಗುವಷ್ಟು ದೊಡ್ಡ ಕಲ್ಲು.

ಇನ್ನು ಸ್ಲಿಕ್‌ರಾಕ್ ಜಾಡು. ಇದನ್ನು ಎಷ್ಟು ಬರೆದರೂ ನನಗೆ ಸಾಲದು. ಸುಮಾರು 17 ಕಿಲೋಮೀಟರಿನ ಸುತ್ತು, 1969ರಲ್ಲಿ ಮೋಟರ್‌ಸೈಕಲ್‌ಗಳಿಗಾಗಿ ಗುರುತು ಮಾಡಿದ್ದು. ದಾರಿ ಅಂತ ಇಲ್ಲವೇ ಇಲ್ಲ. ಬರೀ ಬೋಳುಬಂಡೆಯ ಮೇಲೆ ಬಿಳಿ ಬಣ್ಣದ ಗೆರೆಗಳು, ಅವನ್ನೇ ಹಿಡಿದು ಹೋಗಬೇಕು. ದಿಬ್ಬ ಎದುರು ನಿಂತಾಗ ಹತ್ತುವುದುಂಟೇ ಅನಿಸುತ್ತದೆ. ಆದರೆ ಮರಳುಗಲ್ಲು ಒಣಗಿದ್ದಾಗ ರಬ್ಬರನ್ನು ಬಿಡುವುದೇ ಇಲ್ಲ. ಮೈ ಮುಂದಕ್ಕೆ ಬಾಗಿಸಿ, ಚಿಕ್ಕ ಗೇರಿನಲ್ಲಿ, ಕಣ್ಣು ದಿಬ್ಬದ ನೆತ್ತಿಯಲ್ಲಿಟ್ಟು ತುಳಿದರೆ ಸೈಕಲ್ ಹತ್ತಿಯೇ ಹತ್ತುತ್ತದೆ. ನೆತ್ತಿಯಲ್ಲಿ ನಿಂತಾಗ ಒಂದು ಕಡೆ ನದಿಯ ಕಮರಿ, ಇನ್ನೊಂದು ಕಡೆ ಲಾ ಸಾಲ್ ಬೆಟ್ಟದ ತುದಿಯ ಹಿಮ. ಅಪ್ಪಾಜಿ ಪಕ್ಕದಲ್ಲಿ ಇರಬೇಕಿತ್ತು ಅನಿಸಿತು.

ದಿಬ್ಬಗಳ ನಡುವಿನ ತಗ್ಗುಗಳಲ್ಲಿ ಮರಳು ತುಂಬಿರುತ್ತದೆ. ಅಂಥ ಒಂದರಲ್ಲಿ ಮುಂದಿನ ಚಕ್ರ ಹೂತು ಬಲಕ್ಕೆ ಬಿದ್ದೆ. ಮೊಣಕೈ ತರಚಿದ್ದು ಅಲ್ಲೇ. ಸೈಕಲ್ಲಿನ ಡಿರೇಲರ್ ಹ್ಯಾಂಗರ್ ಬಗ್ಗಿ ಗೇರು ಚಕ್ರದ ಕಡ್ಡಿಗೆ ತಾಗುತ್ತಿತ್ತು. ಈ ಹ್ಯಾಂಗರ್ ಅಂದರೆ ಗೇರು ಬದಲಿಸುವ ಭಾಗವನ್ನು ಫ್ರೇಮಿಗೆ ಹಿಡಿದಿಡುವ, ಬೇಕೆಂದೇ ಮೆತ್ತಗೆ ಮಾಡಿದ ಅಲ್ಯುಮಿನಿಯಂ ತುಂಡು. ಫ್ರೇಮ್ ಉಳಿಯಲಿ ಅಂತ ತಾನು ಬಗ್ಗುತ್ತದೆ. ಹಿಂದೆ ಬರುತ್ತಿದ್ದ ಹಿರಿಯರೊಬ್ಬರು ಕೇಳದೆಯೇ ನಿಂತರು. ಚೈನ್ ಬಿಚ್ಚಿ, ಗಿಡ್ಡ ಮಾಡಿ, ಒಂದೇ ಗೇರಿಗೆ ಕಟ್ಟಿಕೊಟ್ಟರು. ಗಾಯ ತೊಳೆಯೋಕೆ ತಮ್ಮ ಕುಡಿಯುವ ನೀರನ್ನೇ ಸುರಿದರು, ಅದೂ ಅಂಥ ಜಾಗದಲ್ಲಿ. ಅಮ್ಮಾ, ನನ್ನನ್ನು ನೋಡಿಕೊಳ್ಳುವವರು ಇಲ್ಲಿ ಯಾರೂ ಇಲ್ಲ ಅಂತ ಮಾತ್ರ ಅಂದುಕೊಳ್ಳಬೇಡ.

ತಮ್ಮಾ, ಈಗ ನಿನಗೆ. ಬಂಡೆಯ ಅಂಚಿನ ಮರಳಿನ ಮೇಲೆ ಕಪ್ಪಗೆ, ಗಂಟುಗಂಟಾಗಿ ಒಂದು ಹೊರಪದರ ಇರುತ್ತದೆ. ಬಗ್ಗಿ ನೋಡಿದೆ, ಬೆರಳಷ್ಟೂ ಎತ್ತರವಿಲ್ಲ. ಅದು ಜೀವ ಇರುವ ಮಣ್ಣು. ಸೂಕ್ಷ್ಮಜೀವಿ, ಪಾಚಿ, ಕಲ್ಲುಹೂವು ಸೇರಿ ಮರಳನ್ನು ಗಾಳಿಗೆ ಹಾರದಂತೆ ಹಿಡಿದಿರುತ್ತವೆ, ಸಾರಜನಕವನ್ನೂ ಕೊಡುತ್ತವೆ. ಒಂದು ಸಲ ತುಳಿದರೆ ಮತ್ತೆ ಬೆಳೆಯೋಕೆ ಹತ್ತಾರು ವರ್ಷ. ಹಾಗಾಗಿ ಅಲ್ಲಿ ಯಾರೂ ಜಾಡು ಬಿಟ್ಟು ಒಂದು ಗಾಲಿಯನ್ನೂ ಪಕ್ಕಕ್ಕೆ ಇಡುವುದಿಲ್ಲ. ಅದನ್ನು ನೋಡುವಾಗ ನಮ್ಮ ಗಿರಿಯ ಹುಲ್ಲುಗಾವಲಿನಲ್ಲಿ ಜೀಪುಗಳು ಕೊರೆದ ಗಾಯಗಳು ನೆನಪಾಗಿ ಹೊಟ್ಟೆ ಉರಿಯಿತು. ಆ ಹುಲ್ಲು, ಆ ಶೋಲಾ ಕಾಡೇ ಅಲ್ಲವೇ ನಮ್ಮ ಹಳ್ಳಕ್ಕೆ ಬೇಸಿಗೆಯಲ್ಲೂ ನೀರು ಬಿಡುವುದು?

ಅದಕ್ಕೇ ಹೇಳುತ್ತೇನೆ: ದಾರಿಯನ್ನು ತೋಟದೊಳಗೇ ಮಾಡು, ಮೇಲಿನ ಹುಲ್ಲಿಗೆ ಬೇಡ. ಗುಡ್ಡದಿಂದ ನೇರ ಕೆಳಕ್ಕೆ ಇಳಿಸಬೇಡ, ಮೊದಲ ಆಷಾಢಕ್ಕೇ ಅದು ತೋಡಾಗುತ್ತದೆ. ಕಾಂಟೂರ್, ಅಂದರೆ ಗುಡ್ಡದ ಸಮ ಎತ್ತರದ ಗೆರೆ, ಹಿಡಿದು ಅಡ್ಡಡ್ಡ ಹೋಗಲಿ. ಜಾಡಿನ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧ ದಾಟಬಾರದು, ಸರಾಸರಿ ಹತ್ತು ಅಡಿಗೆ ಒಂದಡಿ ಇಳಿತ ಸಾಕು. ದಾರಿಯ ಮೈ ಕಣಿವೆಯ ಕಡೆಗೆ ತುಸು ವಾಲಿರಲಿ, ಆಗ ನೀರು ಜಾಡಿನುದ್ದಕ್ಕೂ ಹರಿಯದೆ ಅಡ್ಡಕ್ಕೆ ಜಾರಿ ಹೋಗುತ್ತದೆ. ಮೋಆಬ್‌ನಲ್ಲಿ ವರ್ಷಕ್ಕೆ ಹತ್ತು ಇಂಚೂ ಮಳೆಯಿಲ್ಲ, ಅಷ್ಟನ್ನು ಅಪ್ಪಾಜಿ ಜುಲೈ ತಿಂಗಳ ಒಂದು ವಾರದಲ್ಲೇ ಪುಸ್ತಕದಲ್ಲಿ ಬರೆದಿಟ್ಟದ್ದುಂಟು. ಜೂನ್‌ನಿಂದ ಸೆಪ್ಟೆಂಬರ್ ತನಕ ದಾರಿ ಮುಚ್ಚಿಯೇಬಿಡು, ಎಷ್ಟೇ ದುಡ್ಡು ಕೊಡುತ್ತೇವೆಂದರೂ ಬಿಡಬೇಡ. ತರಿಸುವ ಪ್ರತಿ ಸೈಕಲ್ಲಿಗೂ ಅದರದೇ ಹ್ಯಾಂಗರ್ ಒಂದೊಂದು ಹೆಚ್ಚಿಗೆ ಇಟ್ಟುಕೋ. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ.

ಕಾಫಿ ಕುಯ್ಲು ಶುರುವಾದರೆ ನಿನಗೆ ಪುರುಸೊತ್ತಿರುವುದಿಲ್ಲ. ಅಷ್ಟರೊಳಗೆ ಪಂಪ್‌ಹೌಸಿನಿಂದ ಮೇಲ್ತೋಟದ ತನಕ ನಡೆದು, ಎಲ್ಲೆಲ್ಲಿ ಕಡಿದಾಗಿದೆ ಅಂತ ಫೋಟೊ ತೆಗೆದು ಕಳಿಸು. ಅಪ್ಪಾಜಿಯನ್ನೂ ಕರೆದುಕೊಂಡು ಹೋಗು, ಮಳೆನೀರು ಎಲ್ಲಿ ನುಗ್ಗುತ್ತದೆ ಅಂತ ಅವರಿಗೆ ಗೊತ್ತು. ಗೆರೆ ಎಳೆದು ವಾಪಸ್ ಕಳಿಸುತ್ತೇನೆ.

ಇಂತಿ ನಿಮ್ಮ ಪ್ರೀತಿಯ
ಮಗಳು